ನಾಳೆಯೂ ಬರುವ ಕೇಳುಗ

ಶ್ರಾವಣ ಹಿಡಿದರೆ ದಾವಣಗೆರೆಯ ವಿರಕ್ತಮಠದಲ್ಲಿ ಪ್ರವಚನ ಶುರುವಾಗುತ್ತದೆ. ನೂರು ವರ್ಷಕ್ಕೂ ಹಿಂದೆ ಬಿದ್ದ ಪರಿಪಾಠ ಅದು. ಗಲ್ಲಾಪೆಟ್ಟಿಗೆ ಮಗನಿಗೆ ಒಪ್ಪಿಸಿ ಬಂದ ವರ್ತಕರು, ರೊಟ್ಟಿ ಬಡಿದಿಟ್ಟು ಬಂದ ಹೆಣ್ಣುಮಕ್ಕಳು, ನಿವೃತ್ತ ಮೇಷ್ಟ್ರುಗಳು, ತಿಂಗಳಿಡೀ ಹೆಚ್ಚುಕಡಿಮೆ ಅದೇ ಮುಖಗಳು. ಮೊದಲ ದಿನ ಚಪ್ಪಾಳೆ ಗಿಟ್ಟಿಸುವುದು ಕಷ್ಟವಲ್ಲ. ಹನ್ನೆರಡನೆಯ ಸಂಜೆಯೂ ಅದೇ ಜನ ಬಂದು ಕೂರುವಂತೆ ಮಾತಾಡುವುದು ಬೇರೆಯೇ ವಿದ್ಯೆ. ಭಾಷಣ ಕಲಿಸುವ ತರಗತಿಗಳು ಹುಟ್ಟುವ ಎಷ್ಟೋ ಮುಂಚೆ ದಾವಣಗೆರೆ-ಹರಿಹರದ ಸೀಮೆ ತನ್ನ ಮಾತುಗಾರರನ್ನು ತಯಾರು ಮಾಡಿಕೊಂಡದ್ದು ಈ ವಿದ್ಯೆಯಿಂದ. ನಾಳೆಯೂ ಬರುವ ಕೇಳುಗನೇ ಇಲ್ಲಿನ ಗುರು.

ಈ ಪರಂಪರೆಯ ಬುಡದಲ್ಲಿ ನಿಂತವರು ಹರ್ಡೇಕರ್ ಮಂಜಪ್ಪ. 1886ರಲ್ಲಿ ಬನವಾಸಿಯಲ್ಲಿ ಹುಟ್ಟಿ, ಶಿರಸಿಯಲ್ಲಿ ಶಾಲಾ ಮಾಸ್ತರಿಕೆ ಮಾಡುತ್ತಿದ್ದ ಈ ಹುಡುಗ ಸ್ವದೇಶಿ ಚಳವಳಿಯ ಬಿಸಿಗೆ ಕೆಲಸ ಬಿಟ್ಟು ದಾವಣಗೆರೆಗೆ ಬಂದ. 1906ರಲ್ಲಿ ಇಲ್ಲಿಂದ ‘ಧನುರ್ಧಾರಿ’ ಎಂಬ ವಾರಪತ್ರಿಕೆ ಹೊರಡಿಸಿದಾಗ ಅವರಿಗೆ ಇಪ್ಪತ್ತು ವರ್ಷ. ಆದರೆ ಮೈಸೂರು ಸಂಸ್ಥಾನದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ. ಅಚ್ಚಾದ ಮಾತು ಪೇಟೆಯ ಕೆಲವೇ ಮನೆಗಳಿಗೆ ಮುಟ್ಟುತ್ತಿತ್ತು. ಉಳಿದವರನ್ನು ಮುಟ್ಟಬೇಕೆಂದರೆ ಬಾಯಿ ಬಿಟ್ಟು ಹೇಳಬೇಕಿತ್ತು. ವಿರಕ್ತಮಠದ ಮೃತ್ಯುಂಜಯ ಸ್ವಾಮಿಗಳ ಆಸರೆಯಲ್ಲಿ ಶ್ರಾವಣದ ಪ್ರಾರ್ಥನೆ, ಭಜನೆ, ಉಪನ್ಯಾಸಗಳು ನೆಲೆಗೊಂಡವು. 1913ರಲ್ಲಿ ಅದೇ ಮಠದಲ್ಲಿ ಇಬ್ಬರೂ ಸೇರಿ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಆಚರಿಸಿದರು. ಇಂದು ನಾಡಿನ ಊರೂರಲ್ಲಿ ನಡೆಯುವ ಬಸವ ಜಯಂತಿಯ ಮೊದಲ ಹೆಜ್ಜೆ ಅದು.

ಮಂಜಪ್ಪನವರು ಬೆಳಿಗ್ಗೆ ಪತ್ರಿಕೆಗೆ ಬರೆಯುವವರು, ಸಂಜೆ ಜನರೆದುರು ಕೂತು ಮಾತಾಡುವವರು. ಈ ಎರಡು ಕೆಲಸ ಒಬ್ಬನಲ್ಲೇ ಸೇರಿದ್ದು ದೊಡ್ಡ ಸಂಗತಿ ಎಂದು ನನಗೆ ಅನ್ನಿಸುತ್ತದೆ. ಬರೆಯುವ ಅಭ್ಯಾಸವಿದ್ದವನಿಗೆ ಮಾತಿಗೆ ಮೊದಲು ಯೋಚನೆ ಅಣಿಯಾಗುತ್ತದೆ. ಕೇಳುಗರ ಮುಖ ನೋಡುವ ಅಭ್ಯಾಸವಿದ್ದವನ ಬರಹದಲ್ಲಿ ಒಣ ಪಾಂಡಿತ್ಯ ಉಳಿಯುವುದಿಲ್ಲ. ಮುಂದೆ 1920ರ ದಶಕದಲ್ಲಿ ಅವರು ಹರಿಹರದ ತುಂಗಭದ್ರೆಯ ದಂಡೆಯಲ್ಲಿ ಸತ್ಯಾಗ್ರಹಾಶ್ರಮ ಕಟ್ಟಿದರು, ಆಮೇಲೆ ಆಲಮಟ್ಟಿಗೆ ಹೋಗಿ ಅಲ್ಲಿ ವಿದ್ಯಾಲಯ ನಡೆಸಿದರು. 1947ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಊರೂರು ಸುತ್ತಿ ಮಾತಾಡಿದರು. ‘ಕರ್ನಾಟಕದ ಗಾಂಧಿ’ ಎಂದು ಜನ ಕರೆದದ್ದು ಸುಮ್ಮನೆ ಅಲ್ಲ.

ಶ್ರಾವಣದ ಪ್ರವಚನದ ಒಳಗಣ ಕಟ್ಟು ನೋಡಿ. ತಿಂಗಳಿಗೆಲ್ಲ ಒಂದೇ ವಸ್ತು. ಭೀಮಕವಿ 1369ರಲ್ಲಿ ಮುಗಿಸಿದ ‘ಬಸವ ಪುರಾಣ’ ಇರಬಹುದು, ಚಾಮರಸನ ‘ಪ್ರಭುಲಿಂಗಲೀಲೆ’ ಇರಬಹುದು, ಒಬ್ಬ ಶರಣನ ಚರಿತ್ರೆ ಇರಬಹುದು. ಕಥೆ ಬಹುಪಾಲು ಕೇಳುಗರಿಗೆ ಮೊದಲೇ ಗೊತ್ತು. ಹಾಗಾಗಿ ‘ಮುಂದೇನಾಯಿತು’ ಎಂಬ ಕುತೂಹಲವನ್ನು ಮಾತ್ರ ನೆಚ್ಚಿಕೊಂಡರೆ ಪ್ರವಚನಕಾರ ಸೋತ. ‘ಇದು ನನ್ನ ಮನೆಯ ಮಾತು’ ಎಂದು ಕೂತವರಿಗೆ ಅನ್ನಿಸಬೇಕು. ಅದಕ್ಕೆಂದೇ ಪ್ರವಚನಕಾರರು ಕಲ್ಯಾಣದ ಪ್ರಸಂಗ ಹೇಳುತ್ತ ಹೇಳುತ್ತ ಎಪಿಎಂಸಿಯ ಮೆಕ್ಕೆಜೋಳದ ತೂಕಕ್ಕೆ ಬರುತ್ತಾರೆ, ಅತ್ತೆ-ಸೊಸೆಯ ಮುನಿಸಿಗೆ ಬರುತ್ತಾರೆ, ಮತ್ತೆ ಕಲ್ಯಾಣಕ್ಕೆ ಮರಳುತ್ತಾರೆ. ಹೋದ ದಾರಿ ಎಷ್ಟು ದೂರದ್ದಾದರೂ ಬಿಟ್ಟ ಜಾಗಕ್ಕೇ ಬಂದು ಸೇರುವುದು ಆ ಕಲೆಯ ಗುಟ್ಟು. ನಿನ್ನೆ ಹೇಳಿದ್ದನ್ನು ಎರಡೇ ಮಾತಿನಲ್ಲಿ ನೆನಪಿಸಿ ಶುರು ಮಾಡುತ್ತಾರೆ; ನಿನ್ನೆ ಬಾರದವನಿಗೂ ತಾನು ಹೊರಗಿನವನು ಅನ್ನಿಸಬಾರದು.

ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದ ಗವಾಯಿಗಳು, ತಬಲಾದವರು. ಮಾತು ಒಂದು ತುದಿಗೆ ಬಂದಾಗ ಅದಕ್ಕೆ ಒಪ್ಪುವ ವಚನವೊಂದನ್ನು ಗವಾಯಿಗಳು ಎತ್ತಿಕೊಳ್ಳುತ್ತಾರೆ. ಆ ಮೂರ್ನಾಲ್ಕು ನಿಮಿಷ ಪ್ರವಚನಕಾರನ ಗಂಟಲಿಗೆ ವಿಶ್ರಾಂತಿ, ತಲೆಗೆ ಬಿಡುವು. ಕೇಳುಗನಿಗೆ ಕೇಳಿದ್ದನ್ನು ಅರಗಿಸಿಕೊಳ್ಳುವ ಸಮಯ. ಒಬ್ಬನೇ ನಿಂತು ಮಾತಾಡುವ ಇಂದಿನ ಭಾಷಣಕಾರನಿಗೆ ಗವಾಯಿ ಇಲ್ಲ. ಹಾಗಾಗಿ ಆ ಬಿಡುವನ್ನು ಅವನೇ ಮಾಡಿಕೊಳ್ಳಬೇಕು: ಮುಖ್ಯವಾದ ಮಾತು ಹೇಳಿದ ಮೇಲೆ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರಬೇಕು. ಹೊಸಬರಿಗೆ ಬಹಳ ಭಯ ಹುಟ್ಟಿಸುವುದು ಈ ಮೌನವೇ. ಮರೆತುಹೋಯಿತೆಂದು ಜನ ತಿಳಿದಾರು ಎಂಬ ಅಂಜಿಕೆಗೆ ‘ಅಂದ್ರೆ’, ‘ಏನಪ್ಪಾ ಅಂದ್ರೆ’ಗಳನ್ನು ತುಂಬುತ್ತ ಹೋಗುತ್ತಾರೆ.

ಈ ಗವಾಯಿ-ಪ್ರವಚನಕಾರರ ಜೋಡಿಯನ್ನು ನಾಡಿಗೆ ಕೊಟ್ಟ ದೊಡ್ಡ ಮನೆ ಗದುಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೆ ಬೆಳೆಸಿದ ಆ ಆಶ್ರಮದಲ್ಲಿ ಕಣ್ಣು ಕಾಣದ ನೂರಾರು ಮಕ್ಕಳು ಸಂಗೀತದ ಜೊತೆ ಕೀರ್ತನ, ಪುರಾಣ, ಪ್ರವಚನ ಕಲಿತು ಹೊರಬಂದರು. ಚೀಟಿ ನೋಡಿ ಓದುವ ದಾರಿಯೇ ಇಲ್ಲದವರು ಇಡೀ ಪುರಾಣವನ್ನು ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡು ತಾಸುಗಟ್ಟಲೆ ಮಾತಾಡುತ್ತಾರೆ. ಅವರು ಪದಪದವನ್ನು ಉರು ಹೊಡೆದಿರುವುದಿಲ್ಲ. ಪ್ರಸಂಗಗಳ ಸಾಲು ನೆನಪಿರುತ್ತದೆ, ನಡುವಿನ ಮಾತು ಅಂದಿನ ಸಭೆಗೆ ತಕ್ಕಂತೆ ಹುಟ್ಟುತ್ತದೆ. ಭಾಷಣ ಕಲಿಯುವವರು ಮೊದಲು ಕಟ್ಟಿಕೊಳ್ಳಬೇಕಾದ ಪಾಠ ಇದೇ.

ಸಭೆಯೆದುರು ಬಾಯಿ ಕಟ್ಟಿದವರ ಮಾತು ಬಂದರೆ ಗಾಂಧೀಜಿಯನ್ನು ನೆನೆಯಬೇಕು. ಮಂಜಪ್ಪನವರು ಅವರ ಜೀವನಚರಿತ್ರೆಯನ್ನು ಕನ್ನಡದಲ್ಲಿ 1919ರಷ್ಟು ಹಿಂದೆಯೇ ಬರೆದರು. ಲಂಡನ್ನಿನಲ್ಲಿ ಓದುತ್ತಿದ್ದಾಗ ಸಸ್ಯಾಹಾರಿಗಳ ಸಭೆಯಲ್ಲಿ ಒಂದು ಹಾಳೆಯಷ್ಟು ಬರೆದುಕೊಂಡು ಎದ್ದುನಿಂತ ಗಾಂಧಿಗೆ ಕಣ್ಣು ಮಂಜಾಗಿ, ಮೈ ನಡುಗಿ, ಕೊನೆಗೆ ಅದನ್ನು ಬೇರೆಯವರು ಓದಬೇಕಾಯಿತು. ಮುಂಬಯಿಯ ಕೋರ್ಟಿನಲ್ಲಿ ಮೊದಲ ಮೊಕದ್ದಮೆಯಲ್ಲೂ ಪ್ರಶ್ನೆ ಕೇಳಲು ಬಾಯಿ ಬರಲಿಲ್ಲ. 1893ರಲ್ಲಿ ಪ್ರಿಟೋರಿಯಾದಲ್ಲಿ ಭಾರತೀಯ ವರ್ತಕರನ್ನು ಸೇರಿಸಿ ವ್ಯಾಪಾರದಲ್ಲಿ ಸತ್ಯದ ಬಗ್ಗೆ ಮಾತಾಡಿದ್ದನ್ನೇ ಅವರು ತಮ್ಮ ಬಾಳಿನ ಮೊದಲ ಸಾರ್ವಜನಿಕ ಭಾಷಣವೆಂದು ಆತ್ಮಕಥೆಯಲ್ಲಿ ಗುರುತಿಸುತ್ತಾರೆ. ಅಲ್ಲಿಂದಾಚೆ ಅದೇ ಜನರೊಂದಿಗೆ ಮತ್ತೆ ಮತ್ತೆ ಸಭೆಗಳು ಸೇರಿದವು. ಎದುರು ಕೂತವರೆಲ್ಲ ಪರಿಚಿತರಾದರು. ಹೇಳಲೇಬೇಕಾದ ವಿಷಯವೂ ಇತ್ತು. ಭಯ ಓಡಿಸಲು ಅವರು ಬೇರೆ ಉಪಾಯ ಹುಡುಕಲಿಲ್ಲ.

ಮಠದ ಪಾಠಶಾಲೆಗೆ ಪೂರಾ ವಿರುದ್ಧವಾದ ಇನ್ನೊಂದು ಪಾಠಶಾಲೆ ಈ ಜೋಡಿ ಊರುಗಳಲ್ಲಿತ್ತು: ಕಾರ್ಖಾನೆಯ ಗೇಟು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದಲ್ಲಿ ಹತ್ತಿ ಗಿರಣಿಗಳು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್, ಆಮೇಲೆ ಪಾಲಿಫೈಬರ್ಸ್. ಪಾಳಿ ಬದಲಾಗುವ ಹೊತ್ತಿಗೆ ಗೇಟ್ ಮೀಟಿಂಗ್. ಒಂದು ಪಾಳಿಯವರು ದುಡಿದು ಸುಸ್ತಾಗಿ ಮನೆಗೆ ಹೊರಟಿದ್ದಾರೆ, ಇನ್ನೊಂದು ಪಾಳಿಯವರು ಒಳಗೆ ಹೋಗುವ ಅವಸರದಲ್ಲಿದ್ದಾರೆ, ಸೈಕಲ್ಲಿನ ಮೇಲೆ ಒಂದು ಕಾಲು ನೆಲಕ್ಕೂರಿ ನಿಂತವರು. ಅಲ್ಲಿ ಪೀಠಿಕೆಗೆ ಜಾಗವಿಲ್ಲ. ಬೋನಸ್ ಎಷ್ಟು, ಮಾತುಕತೆ ಎಲ್ಲಿಗೆ ನಿಂತಿತು, ನಾಳೆ ಏನು ಮಾಡಬೇಕು, ಇಷ್ಟನ್ನು ಹತ್ತು ನಿಮಿಷದಲ್ಲಿ ಹೇಳಬೇಕು. ಕಾರ್ಮಿಕರ ನಡುವಿನಿಂದ ಬಂದು ಸಿಪಿಐನಿಂದ ದಾವಣಗೆರೆಯ ಶಾಸಕರಾದ ಪಂಪಾಪತಿಯವರ ಕಾಲದ ರಾಜಕೀಯ ಬೆಳೆದದ್ದು ಇಂಥ ಗೇಟುಗಳ ಮುಂದೆಯೇ. ಇಲ್ಲಿಯೂ ಕೇಳುಗ ನಾಳೆ ಬರುವವನೇ: ಇಂದು ಸುಳ್ಳು ಭರವಸೆ ಕೊಟ್ಟರೆ ನಾಳೆ ಅದೇ ಗೇಟಿನಲ್ಲಿ ಉತ್ತರ ಕೊಡಬೇಕು. ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಊರು ಕೂಲಿಯ ಜೊತೆಗೆ ಚುರುಕಾದ ಒಂದು ಮಾತುಗಾರಿಕೆಯನ್ನೂ ಕಳೆದುಕೊಂಡಿತು ಎಂಬ ಕೊರಗು ನನಗಿದೆ.

ದನಿಯ ಪಾಠ ನಾಟಕ ಕಂಪನಿಗಳದ್ದು. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ ದಾವಣಗೆರೆಯ ಹೆಸರನ್ನು ನಾಡಿಗೆಲ್ಲ ಹೊತ್ತು ತಿರುಗಿತು. ಮಗಳು ಚಿಂದೋಡಿ ಲೀಲಾ ಎಳವೆಯಲ್ಲೇ ರಂಗಕ್ಕೆ ಬಂದು, 1988ರಲ್ಲಿ ಪದ್ಮಶ್ರೀ ಪಡೆದರು. ಕಂಪನಿ ನಟರು ಕಿರುಚುತ್ತಿರಲಿಲ್ಲ. ಹೊಟ್ಟೆಯಿಂದ ಉಸಿರೆತ್ತಿ, ಪದದ ಕೊನೆಯಕ್ಷರ ನುಂಗದೆ, ಚಾಪೆಯ ಮೇಲೆ ಕೂತ ಕಟ್ಟಕಡೆಯವನಿಗೆ ಮಾತು ಒಪ್ಪಿಸುತ್ತಿದ್ದರು. ಕನ್ನಡದಲ್ಲಿ ಅರ್ಥ ತಿರುಗುವುದು ಬಹುಮಟ್ಟಿಗೆ ಪದದ ತುದಿಯಲ್ಲಿ. ‘ಮಾಡುತ್ತೇನೆ’, ‘ಮಾಡುವುದಿಲ್ಲ’ಗಳ ವ್ಯತ್ಯಾಸ ವಾಕ್ಯದ ಬಾಲದಲ್ಲಿರುತ್ತದೆ. ಉಸಿರು ಮುಗಿದು ದನಿ ಕುಸಿಯುವುದೂ ಅಲ್ಲೇ. ಆದ್ದರಿಂದ ಕನ್ನಡದ ಭಾಷಣಕಾರನಿಗೆ ವಾಕ್ಯದ ಕೊನೆಗೆಂದು ಉಸಿರು ಉಳಿಸಿಕೊಳ್ಳುವ ಅಭ್ಯಾಸ ಬೇಕೇ ಬೇಕು.

ಮೈಕ್ ಬಂದ ಮೇಲೆ ಬೇರೆ ಎಚ್ಚರ. ಹೈಸ್ಕೂಲ್ ಮೈದಾನದಂಥ ಬಯಲಿನಲ್ಲಿ ದೂರದೂರಕ್ಕೆ ಕಟ್ಟಿದ ಧ್ವನಿವರ್ಧಕಗಳಿರುತ್ತವೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ನೂರು ಮೀಟರ್ ಆಚೆಯ ಧ್ವನಿವರ್ಧಕದ ಸದ್ದು ಸೆಕೆಂಡಿನ ಮೂರನೇ ಒಂದು ಭಾಗದಷ್ಟು ತಡವಾಗಿ ಬಂದು ಹತ್ತಿರದ ಸದ್ದಿನ ಮೇಲೆ ಬೀಳುತ್ತದೆ. ಅವಸರದ ಮಾತು ಅಲ್ಲಿ ಬರೀ ಗದ್ದಲ. ಬಯಲು ಸಭೆಗೆ ಚಿಕ್ಕ ವಾಕ್ಯ, ನಿಧಾನದ ನಡೆ. 1950ರಲ್ಲಿ ಜಗಳೂರಿನಲ್ಲಿ ಶುರುವಾಗಿ ವರ್ಷಕ್ಕೊಂದು ಊರಿನಲ್ಲಿ ಒಂಬತ್ತು ದಿನ ನಡೆಯುವ ಸಿರಿಗೆರೆಯ ತರಳಬಾಳು ಹುಣ್ಣಿಮೆಯ ವೇದಿಕೆಯಲ್ಲಿ, ಅಷ್ಟು ದೊಡ್ಡ ಜನಸ್ತೋಮದೆದುರು, ಈ ಹದ ಬಲ್ಲವರ ಮಾತು ಮಾತ್ರ ಹಿಂದಿನ ಸಾಲಿಗೆ ಮುಟ್ಟುತ್ತದೆ.

ಇಂದು ದಾವಣಗೆರೆಯಲ್ಲೋ ಹರಿಹರದಲ್ಲೋ ಮಾತಾಡಲು ಕಲಿಯಬೇಕೆಂದಿರುವವರು ಎಲ್ಲಿ ಶುರು ಮಾಡಬೇಕು? ನನ್ನನ್ನು ಕೇಳಿದರೆ, ವಂದನಾರ್ಪಣೆಯಿಂದ. ನಮ್ಮ ಸಭೆಗಳಿಗೆ ಒಂದು ಕ್ರಮವಿದೆ: ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಉಪನ್ಯಾಸ, ಅಧ್ಯಕ್ಷೀಯ ನುಡಿ, ಕೊನೆಗೆ ವಂದನೆ. ಜನ ಎದ್ದು ಹೊರಡುವ ಹೊತ್ತು ಅದು, ಸಿಕ್ಕುವುದು ಎರಡೇ ನಿಮಿಷ. ಹೆಸರುಗಳ ಪಟ್ಟಿ ಓದಿ ಇಳಿಯುವವರೇ ಹೆಚ್ಚು. ಆದರೆ ಇಡೀ ಸಭೆಯನ್ನು ಕಿವಿಗೊಟ್ಟು ಕೇಳಿ, ಉಪನ್ಯಾಸಕರು ಹೇಳಿದ ಒಂದು ಮಾತನ್ನು ಹಿಡಿದು, ಅದಕ್ಕೆ ತನ್ನದೊಂದು ಮಾತು ಸೇರಿಸಿ ವಂದಿಸಿದವನನ್ನು ಜನ ತಿರುಗಿ ನೋಡುತ್ತಾರೆ. ಕೇಳುವುದು, ಆಯುವುದು, ಚಿಕ್ಕದಾಗಿ ಮುಗಿಸುವುದು, ಮೂರೂ ಅಲ್ಲೇ ಕಲಿಯಲು ಸಿಗುತ್ತವೆ. ಅಲ್ಲಿಂದ ಸ್ವಾಗತ, ನಿರೂಪಣೆ, ಆಮೇಲೆ ಶಾಲಾ-ಕಾಲೇಜುಗಳಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ನಡೆಸುವ ದತ್ತಿ ಉಪನ್ಯಾಸ. ಹೆಣ್ಣುಮಕ್ಕಳಿಗೆ ಶರಣ ಸಾಹಿತ್ಯ ಪರಿಷತ್ತಿನ ಕದಳಿ ಮಹಿಳಾ ವೇದಿಕೆ ದೊಡ್ಡ ಬಾಗಿಲು ತೆರೆದಿದೆ. ಮನೆಯಲ್ಲಿ ವಚನ ಹಾಡಿಕೊಂಡಿದ್ದವರು ಅಲ್ಲಿ ನಿಂತು ವಚನದ ಅರ್ಥ ಬಿಡಿಸುತ್ತಾರೆ. ಜೇಸಿ ಸಂಸ್ಥೆಯವರು ಭಾಷಣ ಕಲೆಗೆಂದೇ ತರಬೇತಿ ನಡೆಸುತ್ತಾರೆ.

ಅಮೆರಿಕದ ಸಾಂತಾ ಆನಾದಲ್ಲಿ 1924ರಲ್ಲಿ ರಾಲ್ಫ್ ಸ್ಮೆಡ್ಲಿ ಶುರು ಮಾಡಿದ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬು ಇಂದು ಜಗತ್ತಿನಾದ್ಯಂತ ಹರಡಿದೆ. ಅದರ ಪದ್ಧತಿಯೂ ಇದೇ ಜಾಡಿನದು: ಅದೇ ಸದಸ್ಯರು ಮತ್ತೆ ಮತ್ತೆ ಸೇರಬೇಕು, ಮಾತಾಡಬೇಕು, ಮಾತಾಡಿದ್ದನ್ನು ಜೊತೆಯವರು ತೂಗಿ ಹೇಳಬೇಕು. ನಮ್ಮ ಮಠ, ಪರಿಷತ್ತುಗಳ ವೇದಿಕೆಗಳಲ್ಲಿ ಇಲ್ಲದ್ದು ಈ ಕೊನೆಯದು. ನಾವು ಹಾರ ಹಾಕಿ, ಶಾಲು ಹೊದಿಸಿ, ‘ಅದ್ಭುತವಾಗಿ ಮಾತಾಡಿದಿರಿ’ ಎಂದು ಕಳಿಸುತ್ತೇವೆ. ಎಲ್ಲಿ ಎಳೆಯಿತು, ಎಲ್ಲಿ ಮಾತು ಕೇಳಿಸಲಿಲ್ಲ ಎಂದು ಹಿರಿಯರೊಬ್ಬರು ಪಕ್ಕಕ್ಕೆ ಕರೆದು ಹೇಳಿದರೆ ಹೊಸಬರಿಗೆ ಶಾಲಿಗಿಂತ ಹೆಚ್ಚಿನ ಉಪಕಾರ.

ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರನ್ನು ಇಲ್ಲಿ ಬಿಡಲಾಗದು. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ, ಸ್ಪೀಕರ್ ನೀಲಂ ಸಂಜೀವ ರೆಡ್ಡಿಯವರ ಅನುಮತಿಯಿಂದ ಆ ಸದನದಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದವರು ಅವರು. 1997ರಲ್ಲಿ ದಾವಣಗೆರೆ ಜಿಲ್ಲೆಯಾದದ್ದೂ ಅವರು ಮುಖ್ಯಮಂತ್ರಿಯಾಗಿದ್ದಾಗ. ಪಟೇಲರು ದನಿ ಏರಿಸಿ ಸಭೆ ಗೆದ್ದವರಲ್ಲ. ಊರಿನ ಕಟ್ಟೆಯ ಮೇಲೆ ಆಡುವ ಕನ್ನಡವನ್ನೇ, ಅದೇ ನಿಧಾನದಲ್ಲಿ, ವಿಧಾನಸಭೆಯಲ್ಲೂ ಆಡಿದರು. ಭಾಷಣವೆಂದರೆ ತಮ್ಮದಲ್ಲದ ಗ್ರಾಂಥಿಕ ಕನ್ನಡವನ್ನು ತೊಟ್ಟುಕೊಂಡು ನಿಲ್ಲುವುದೆಂದು ನಂಬಿರುವ ನಮ್ಮ ಹುಡುಗರಿಗೆ ಪಟೇಲರ ಉದಾಹರಣೆಯನ್ನು ಹೇಳಬೇಕು.

ಆ ನಂಬಿಕೆ ಹುಟ್ಟುವುದು ಶಾಲೆಯಲ್ಲಿ. ಪ್ರತಿಭಾ ಕಾರಂಜಿ ಬಂತೆಂದರೆ ಮೇಷ್ಟ್ರು ಬರೆದುಕೊಟ್ಟ ಭಾಷಣವನ್ನು ಮಗು ಉರು ಹೊಡೆಯುತ್ತದೆ, ಕೈ ಎಲ್ಲಿ ಎತ್ತಬೇಕೆಂಬುದನ್ನೂ ಸೇರಿಸಿ. ಬಹುಮಾನ ಬರುತ್ತದೆ, ಮಾತು ಬರುವುದಿಲ್ಲ. ಇದರ ಬದಲು ವಾರಕ್ಕೊಂದು ಪೀರಿಯಡ್ ಬಿಟ್ಟುಕೊಡಲಿ. ಒಬ್ಬೊಬ್ಬ ವಿದ್ಯಾರ್ಥಿ ತನ್ನದೇ ತರಗತಿಯೆದುರು ಮೂರು ನಿಮಿಷ, ತಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳಲಿ: ಅಪ್ಪನ ಮಂಡಕ್ಕಿ ಭಟ್ಟಿಯಲ್ಲಿ ಅಕ್ಕಿ ಹೇಗೆ ಅರಳುತ್ತದೆ, ಹೊಳೆಯಲ್ಲಿ ನೀರು ಏರಿದಾಗ ಹರಿಹರದ ದಂಡೆಯವರು ಏನು ಮಾಡುತ್ತಾರೆ. ಹೇಳಿ ಮುಗಿಸಿದ ಮೇಲೆ ಇಬ್ಬರು ಗೆಳೆಯರು ಪ್ರಶ್ನೆ ಕೇಳಲಿ. ಒಂದು ಸುತ್ತು ಮುಗಿದ ಮೇಲೆ ಅದೇ ಮಗು ಅದೇ ತರಗತಿಯೆದುರು ಮತ್ತೆ ನಿಲ್ಲಲಿ, ಈ ಸಲ ಹಿಂದಿನ ಪ್ರಶ್ನೆಗಳಿಗೂ ಉತ್ತರ ಸಿದ್ಧ ಮಾಡಿಕೊಂಡು. ಇದಕ್ಕೆ ಮೈಕೂ ಬೇಡ, ಬಹುಮಾನದ ಲೋಟವೂ ಬೇಡ. ವೇಳಾಪಟ್ಟಿಯಲ್ಲಿ ನಲವತ್ತು ನಿಮಿಷ ಸಿಕ್ಕರೆ ಬರುವ ಜೂನ್‌ನಿಂದಲೇ ಶುರು ಮಾಡಬಹುದು.