ತೋಟಕ್ಕೆ ನೆಟ್ಟಗಿನ ಗಾಳಿಯಂತ್ರ ಒದಗೀತೇ?

ಉಡುಪಿ, ಕಾರ್ಕಳ ಕಡೆಯ ಸದಸ್ಯ ಬಾಂಧವರಲ್ಲಿ ಕೆಲವರು ನೆಟ್ಟಗಿನ ಅಕ್ಷದ ಗಾಳಿಯಂತ್ರದ ಬಗ್ಗೆ ವಿಚಾರಿಸುತ್ತಿದ್ದಾರೆ. ಸಾಲ ತೆಗೆದು ಕೊಳ್ಳುವ ಮೊದಲು ಲೆಕ್ಕ ಹಾಕಿ ನೋಡುವುದು ಮೇಲೆಂದು ನಮಗೆ ತೋರುತ್ತದೆ.

ಈ ಯಂತ್ರದಲ್ಲಿ ಮುಖ್ಯವಾಗಿ ಎರಡು ಬಗೆ. ಫಿನ್ಲೆಂಡಿನ ಸವೋನಿಯಸ್ 1920ರ ದಶಕದಲ್ಲಿ ರೂಪಿಸಿದ್ದು, ಪೀಪಾಯಿಯನ್ನು ಉದ್ದಕ್ಕೆ ಸೀಳಿ ಎರಡು ಹೋಳುಗಳನ್ನು ಎದುರುಬದುರು ಜೋಡಿಸಿದಂತಿರುತ್ತದೆ. ಅದೇ ದಶಕದಲ್ಲಿ ಫ್ರಾನ್ಸಿನ ಡಾರಿಯಸ್ ರೂಪಿಸಿದ್ದಕ್ಕೆ ಬಾಗಿದ ತೆಳು ರೆಕ್ಕೆಗಳು. ಗಾಳಿ ಯಾವ ದಿಕ್ಕಿನಿಂದ ಬಂದರೂ ಇವು ತಿರುಗುತ್ತವೆ. ಜನರೇಟರು ನೆಲದ ಮೇಲಿರುವುದರಿಂದ ದುರಸ್ತಿಗೆ ಕಂಬ ಹತ್ತಬೇಕಿಲ್ಲ. ಮಾರುವವರು ಹೇಳುವ ಇಷ್ಟು ಮಾತು ನಿಜ.

ತೊಡಕಿರುವುದು ಗಾಳಿಯಲ್ಲಿ. ವೇಗ ಅರ್ಧಕ್ಕಿಳಿದರೆ ಅದರ ಶಕ್ತಿ ಎಂಟರಲ್ಲೊಂದು ಪಾಲಾಗುತ್ತದೆ. ಎರಡು ಮೀಟರ್ ಎತ್ತರ, ಎರಡು ಮೀಟರ್ ಅಗಲದ ಯಂತ್ರವೊಂದು ಗಾಳಿಯ ಶಕ್ತಿಯ ಕಾಲು ಪಾಲನ್ನು ವಿದ್ಯುತ್ತಾಗಿ ಕೊಡುತ್ತದೆಂದು ಹಿಡಿಯೋಣ. ಸೆಕೆಂಡಿಗೆ 3 ಮೀಟರ್ ಗಾಳಿಯಲ್ಲಿ ಸಿಗುವುದು ಸುಮಾರು 16 ವ್ಯಾಟ್. ದಿನವಿಡೀ ಹಾಗೇ ಬೀಸಿದರೂ ಅರ್ಧ ಯೂನಿಟ್ ಆಗದು. 10 ಮೀಟರಿನ ಬಿರುಗಾಳಿಗೂ 600 ವ್ಯಾಟ್. ಒಂದು ಅಶ್ವಶಕ್ತಿಯ ಪಂಪಿಗೆ 746 ಬೇಕು!

ಕಾಪುವಿನ ಕಡಲತಡಿಯಲ್ಲಿ ಮಧ್ಯಾಹ್ನದ ಗಾಳಿಯುಂಟು, ಜೊತೆಗೆ ಕಬ್ಬಿಣ ತಿನ್ನುವ ಉಪ್ಪೂ ಉಂಟು. ಮಣಿಪಾಲದ ಗುಡ್ಡದ ನೆತ್ತಿಗೂ ಗಾಳಿ ತಾಗುತ್ತದೆ. ನಮ್ಮ ಅಡಿಕೆ ತೋಟಗಳಿರುವುದು ಗುಡ್ಡಗಳ ನಡುವಿನ ತಗ್ಗಿನಲ್ಲಿ. ಕಂಗಿನ ತಲೆಗಿಂತ ಮೇಲೆ ಯಂತ್ರವನ್ನು ಏರಿಸಿದರೆ ನೆಲದಲ್ಲೇ ದುರಸ್ತಿಯೆಂಬ ಸೌಕರ್ಯ ಎಲ್ಲಿ ಉಳಿಯಿತು? ಅಲ್ಲದೆ ಜೋರು ಗಾಳಿ ಬೀಸುವುದು ಆಟಿ ತಿಂಗಳ ಮಳೆಯಲ್ಲಿ, ಪಂಪು ಮಲಗಿರುವಾಗ. ನೀರು ಬೇಕಾದ ಮಾರ್ಚ್‌, ಏಪ್ರಿಲ್‌ನಲ್ಲಿ ಧಾರಾಳವಾಗಿರುವುದು ಬಿಸಿಲು. ಒಂದು ಕಿಲೋವ್ಯಾಟಿನ ಸೌರಫಲಕ ಆಗ ದಿನಕ್ಕೆ ನಾಲ್ಕು ಯೂನಿಟ್‌ನಷ್ಟು ಕೊಡುತ್ತದೆ.

ದೊಡ್ಡದಾಗಿ ಮಾಡಿದವರೂ ಇದ್ದಾರೆ. ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು 110 ಮೀಟರ್ ಎತ್ತರದ ‘ಇಯೋಲ್’ ಯಂತ್ರ 1980ರ ದಶಕದ ಕೊನೆಗೆ ಓಡಲಾರಂಭಿಸಿ, ಬುಡದ ಬೇರಿಂಗ್ ಕೆಟ್ಟು 1993ರಲ್ಲಿ ನಿಂತಿತು. ಇಡೀ ಭಾರ ಹೊರುವುದು ಆ ಬೇರಿಂಗೇ. ನಮ್ಮ ಪಡುಬಿದ್ರಿಗೆ ಸುಜ್ಲಾನ್‌ನ ರೆಕ್ಕೆ ಕಾರ್ಖಾನೆ ಬಂದರೂ ಗಾಳಿಯಂತ್ರಗಳ ಸಾಲು ಎದ್ದದ್ದು ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ. ಅವೂ ಅಡ್ಡ ಅಕ್ಷದವು.

ಬಯಲು ಗುಡ್ಡದ ಮೇಲೆ ಮನೆಯಿದ್ದು, ಮಳೆಗಾಲದಲ್ಲಿ ಕರೆಂಟು ಹೋದಾಗ ನಾಲ್ಕು ದೀಪ ಉರಿದರೆ ಸಾಕೆನ್ನುವವರು ಬೇಕಾದರೆ ಪ್ರಯತ್ನಿಸಬಹುದು. ಅಂಥವರು ಯಂತ್ರ ನಿಲ್ಲಿಸುವ ಎತ್ತರದಲ್ಲೇ ಒಂದು ವರ್ಷ ಗಾಳಿಯ ವೇಗ ಅಳೆಯಲಿ. ಮಾರುವವರಿಂದ 12 ಮೀಟರ್ ಗಾಳಿಯ ಲೆಕ್ಕವನ್ನಲ್ಲ, 3 ಮತ್ತು 4 ಮೀಟರಿನದನ್ನು ಬರಹದಲ್ಲಿ ಕೇಳಿ ಪಡೆಯಲಿ.