ಕೋಟೆಯೊಳಗೊಂದು ಬಾಡಿಗೆ ಬಿಡಾರ

ಪರದೇಶದಲ್ಲಿರುವ ಮಗಳೋ ಮಗನೋ “ಅಮ್ಮಾ, ಈ ಸಲ ಬಂದಾಗ ಯೂರೋಪ್ ತೋರಿಸ್ತೀನಿ” ಅಂದರೆ, ನಮ್ಮಂಥವರ ಬಾಯಿಂದ ಹೊರಡುವ ಮೊದಲ ಮಾತು, “ಅಲ್ಲಿ ಊಟಕ್ಕೇನು ಗತಿ?” ನಾನೂ ಹಾಗೇ ಕೇಳಿದೆ. ಮಗಳು ನಕ್ಕಳು. “ಹೋಟೆಲ್ ಬೇಡಮ್ಮಾ, ಐದು ದಿನಕ್ಕೆ ಒಂದು ಮನೆಯನ್ನೇ ಬಾಡಿಗೆಗೆ ಹಿಡಿದಿದ್ದೀನಿ. ಒಲೆ, ಪಾತ್ರೆ ಪಡಗ ಎಲ್ಲಾ ಇದೆ. ಅದೂ ಹಳೇ ಕೋಟೆಯೊಳಗೆ!” ಅಂದಳು.

ಕ್ರೊಯೇಷಿಯಾ ದೇಶದ ಡುಬ್ರೋವ್ನಿಕ್ ಎಂಬ ಊರು ಅದು. ಸಮುದ್ರಕ್ಕೆ ಅಂಟಿಕೊಂಡೇ ನಿಂತಿದೆ. ಸುತ್ತಲೂ 1,940 ಮೀಟರ್ ಉದ್ದದ ಕಲ್ಲಿನ ಗೋಡೆ. ಕೆಲವೆಡೆ ಎತ್ತರ 25 ಮೀಟರ್. ನಡುವೆ ಸ್ಟ್ರಾಡುನ್ ಎಂಬ ಹಿರಿಯ ಬೀದಿ. ಅಲ್ಲಿನ ಕಲ್ಲುಹಾಸು ಜನ ನಡೆದೂ ನಡೆದೂ ನಮ್ಮ ದೇವಸ್ಥಾನದ ಹೊಸ್ತಿಲಿನ ಹಾಗೆ ನುಣುಪಾಗಿದೆ. ನೋಡಲು ಚೆಂದ; ಮಳೆ ಬಂದರೆ ಮಾತ್ರ ಕಾಲು ಭದ್ರ! ನಮ್ಮ ಕಾರು ಕೋಟೆಯ ಬಾಗಿಲಿಗೇ ನಿಂತಿತು. ಅಲ್ಲಿಂದ ಗಂಟುಮೂಟೆ ಹೊತ್ತು ನಡೆಯಬೇಕು.

ಹಾಗಾಗಿ ಮೊದಲ ಕಿವಿಮಾತು: ಇಂಥ ಊರಿನಲ್ಲಿ ಮನೆ ಹಿಡಿಯುವ ಮುನ್ನ ಮೆಟ್ಟಿಲೆಷ್ಟು ಎಂದು ಕೇಳಿ. ಚಿತ್ರದಲ್ಲಿ ಕಿಟಕಿ, ಹೂವಿನ ಕುಂಡ, ಹಾಸಿಗೆ ಎಲ್ಲ ಕಾಣುತ್ತದೆ, ಮೆಟ್ಟಿಲು ಕಾಣುವುದಿಲ್ಲ. ನಮ್ಮ ಬಿಡಾರಕ್ಕೆ ಗಲ್ಲಿಯಲ್ಲಿ ಅರವತ್ತನಾಲ್ಕು, ಮನೆಯೊಳಗೆ ಇನ್ನೂ ನಲವತ್ತೊಂದು. ಮಂಡಿನೋವಿನ ನಾನು ಮೂರು ಕಡೆ ಕುಳಿತು ಹತ್ತಿದೆ. ಚಕ್ರದ ಪೆಟ್ಟಿಗೆಯನ್ನು ಕಲ್ಲಿನ ಮೇಲೆ ದಡದಡ ಎಳೆಯಬೇಡಿ, ಎತ್ತಿಕೊಳ್ಳಿ ಎಂದು ಊರಿನವರ ವಿನಂತಿ ಬೇರೆ. ಇಕ್ಕಟ್ಟು ಗಲ್ಲಿಯಲ್ಲಿ ಆ ಸದ್ದು ಎಲ್ಲರ ಮಲಗುವ ಕೋಣೆಗೂ ನುಗ್ಗುತ್ತದೆಯಂತೆ.

ಇಷ್ಟೆಲ್ಲ ಹತ್ತಿದ ಮೇಲೆ ಅಡಿಗೆಮನೆ ಎಲ್ಲಿ ಅಂತೀರಿ? ಎಲ್ಲಕ್ಕಿಂತ ಮೇಲೆ, ಸೂರಿನ ಕೆಳಗೆ! ಇದೇನು ಅವಸ್ಥೆ ಎಂದು ಗೊಣಗಿದೆ. ಆಮೇಲೆ ಕಾರಣ ತಿಳಿಯಿತು. 1667ರ ಏಪ್ರಿಲ್‌ನಲ್ಲಿ ಭಾರಿ ಭೂಕಂಪವಾಗಿ, ಹಿಂದೆಯೇ ಬೆಂಕಿ ಹತ್ತಿ ಊರು ಹಾಳಾಯಿತು. ಮತ್ತೆ ಕಟ್ಟಿಸುವಾಗ ಹಿರಿಯ ಬೀದಿಯ ಮನೆಗಳಿಗೆಲ್ಲ ಒಂದೇ ನಮೂನೆ: ಕೆಳಗೆ ಅಂಗಡಿ, ನಡುವೆ ವಾಸ, ತುದಿಯಲ್ಲಿ ಅಡಿಗೆ. ಒಲೆಯ ಕಿಡಿ ಹಾರಿದರೂ ಇಡೀ ಮನೆಗೆ ಹತ್ತಬಾರದೆಂಬ ಮುಂದಾಲೋಚನೆ. ನೀರು, ಸೌದೆ ಹೊತ್ತು ಅಷ್ಟು ಮೇಲಕ್ಕೆ ಹತ್ತುತ್ತಿದ್ದ ಹೆಂಗಸರನ್ನು ಮಾತ್ರ ಯಾರೂ ಕೇಳಿದ ಹಾಗಿಲ್ಲ.

ನೀರಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕೋಟೆಯ ಬಾಗಿಲು ದಾಟುತ್ತಲೇ ಹದಿನಾರು ಮುಖದ ದೊಡ್ಡ ಕಾರಂಜಿಯೊಂದಿದೆ. 1438ರಲ್ಲಿ ಒನೊಫ್ರಿಯೊ ಎಂಬ ಶಿಲ್ಪಿ ಸುಮಾರು ಹನ್ನೆರಡು ಕಿಲೋಮೀಟರ್ ದೂರದ ಬುಗ್ಗೆಯಿಂದ ಕಾಲುವೆಯಲ್ಲಿ ತಂದ ನೀರು. ಈಗಲೂ ಜನ ಬಾಟಲಿ ತುಂಬಿಕೊಂಡು ಕುಡಿಯುತ್ತಾರೆ. ಅದರ ಎದುರಿನ ಸನ್ಯಾಸಿಮಠದ ಔಷಧಿ ಅಂಗಡಿ 1317ರದು.

ಎರಡನೆಯ ದಿನ ಒಂದು ತಮಾಷೆಯಾಯಿತು. ಕಿಟಕಿಯಾಚೆ ಹಗ್ಗಕ್ಕೆ ಹಾಕಿದ್ದ ನನ್ನ ರವಿಕೆ ಗಾಳಿಗೆ ಹಾರಿ ಗಲ್ಲಿಗೆ ಬಿತ್ತು. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. ಎದುರು ಮನೆಯ ಅಜ್ಜಿ, ಎಪ್ಪತ್ತೈದರ ಮೇಲೇ ಇರಬೇಕು, ರವಿಕೆಯನ್ನು ಮಡಿಸಿ ಹಿಡಿದು ನಿಂತಿದ್ದರು! ನಾನು ಮೂರು ಕಡೆ ಕುಳಿತು ಹತ್ತಿದ ಮೆಟ್ಟಿಲು! ನಾಚಿಕೆಯಾಗಿ ಒಳಗೆ ಕರೆದು ಕಾಫಿ ಕೊಟ್ಟೆ. ಅವರ ಇಂಗ್ಲಿಷು ನನ್ನ ಇಂಗ್ಲಿಷಿನಷ್ಟೇ, ಹಾಗಾಗಿ ಮಾತು ಚೆನ್ನಾಗಿ ಕೂಡಿತು.

1991ರ ಅಕ್ಟೋಬರಿನಲ್ಲಿ ಊರಿಗೆ ಮುತ್ತಿಗೆ ಬಿದ್ದಾಗ ನೀರಿಲ್ಲ, ವಿದ್ಯುತ್ತಿಲ್ಲ. ಡಿಸೆಂಬರ್ 6ರಂದು ದಿನವಿಡೀ ಫಿರಂಗಿ ಗುಂಡಿನ ಮಳೆ. ಆಗಲೂ ಈ ಗಲ್ಲಿಯವರು ಇದ್ದುದನ್ನು ಹಂಚಿಕೊಂಡು ಬದುಕಿದರಂತೆ. ಗೋಡೆಯ ಮೇಲೆ ನಡೆದರೆ ಕಾಣುವ ಕೆಂಪು ಹೆಂಚುಗಳಲ್ಲಿ ಹೊಳಪಾಗಿರುವುದೆಲ್ಲ ಆಮೇಲೆ ಹಾಕಿದ್ದು, ಮಾಸಿದ್ದು ಹಳೆಯದು. ಹೊಳಪಿನದೇ ಹೆಚ್ಚು.

ಗುಂಡಿಗೆ ಹೆದರಿ ಓಡದ ಜನ ಈಗ ಖಾಲಿಯಾಗುತ್ತಿದ್ದಾರೆ. 1991ರ ಹೊತ್ತಿಗೆ ಗೋಡೆಯೊಳಗೆ ಸುಮಾರು 5,000 ಜನ ಇದ್ದರು. ಇಪ್ಪತ್ತೈದು ವರ್ಷದಲ್ಲಿ ಅದು ಸುಮಾರು 1,500ಕ್ಕೆ ಇಳಿಯಿತು. ಮನೆ ಮನೆಯೂ ಪ್ರವಾಸಿಗರ ಬಿಡಾರವಾಯಿತು. ಅಜ್ಜಿಯ ಮೆಟ್ಟಿಲಸಾಲಿನಲ್ಲಿ ಚಳಿಗಾಲಕ್ಕೆ ದೀಪ ಉರಿಯುವುದು ಎರಡೇ ಮನೆಯಲ್ಲಂತೆ. ಬೇಸಿಗೆಯಲ್ಲಿ ಮಾತಿಗೆ ನಮ್ಮಂಥವರು ಸಿಗುತ್ತೇವೆ. ಜನವರಿಯಲ್ಲಿ ಉಪ್ಪು ಮುಗಿದರೆ ಯಾರ ಬಾಗಿಲು ಬಡಿಯಲಿ ಎಂದು ಕೇಳಿದರು. ನಾವು ಕುಳಿತಿದ್ದ ಮನೆಯ ಬಾಗಿಲನ್ನೇ ಅವರು ಮೊದಲು ಬಡಿಯುತ್ತಿದ್ದುದು! ಕಾಫಿ ಲೋಟ ಹಿಡಿದು ನಾನು ಸುಮ್ಮನಾದೆ.

ಹಾಗಂತ ಮನೆಯಾಕೆಯನ್ನು ಬೈಯಲೇ? ಆಕೆ ಕೋಟೆಯ ಹೊರಗೆ ಹೊಸ ಬಡಾವಣೆಯಲ್ಲಿದ್ದಾಳೆ. ಮಗನ ಓದು ನಡೆಯುವುದೇ ಈ ಬಾಡಿಗೆಯಿಂದ. ಅವಳ ತಾಯಿಯೂ ಯುಗೋಸ್ಲಾವಿಯದ ಕಾಲದಲ್ಲಿ ಬೇಸಿಗೆಗೆ ಕೋಣೆ ಕೊಡುತ್ತಿದ್ದರು. “ಸೋಬೆ”, ಅಂದರೆ ಕೋಣೆಗಳು, ಎಂದು ರಟ್ಟಿನ ಮೇಲೆ ಬರೆದುಕೊಂಡು ಬಸ್ ನಿಲ್ದಾಣದಲ್ಲಿ ನಿಂತು ಪ್ರವಾಸಿಗರನ್ನು ಕರೆತರುತ್ತಿದ್ದರಂತೆ. ಆದರೆ ಆಗ ಮನೆಯವರು ಒಂದು ಕೋಣೆಯಲ್ಲಿ, ಬಂದವರು ಇನ್ನೊಂದರಲ್ಲಿ. ಈಗ ಬೀಗದಕೈ ಗೋಡೆಯ ಡಬ್ಬಿಯಲ್ಲಿ. ಅಂಕಿ ಒತ್ತಿದರೆ ತೆರೆಯುತ್ತದೆ. 2024ರಲ್ಲಿ ನಗರಸಭೆ ಕೋಟೆಯೊಳಗೆ ಇಂಥ ಬಿಡಾರಗಳಿಗೆ ಹೊಸ ಪರವಾನಗಿ ನಿಲ್ಲಿಸಲು ತೀರ್ಮಾನಿಸಿತು. ಹೋದವರು ಹಿಂದಿರುಗುತ್ತಾರೆಯೇ, ನೋಡಬೇಕು.

ನೀವು ಹೋಗುವುದಾದರೆ ಮಕ್ಕಳಿಗೆ ಹೇಳಿ, ಮನೆಯವರು ಅದೇ ಕಟ್ಟಡದಲ್ಲಿ ವಾಸವಿರುವ ಬಿಡಾರವನ್ನೇ ಹುಡುಕಲಿ. ಹುಡುಕಿದರೆ ಸಿಗುತ್ತದೆ, ಇನ್ನೊಮ್ಮೆ ಹೋದರೆ ನಾನಂತೂ ಹಾಗೇ ಮಾಡುವವಳು. ಬಾಗಿಲ ಪಕ್ಕ ಪರವಾನಗಿಯ ಫಲಕ ಇದೆಯೇ ನೋಡಿ. ಮನೆಯವರು ಪಾಸ್‌ಪೋರ್ಟ್ ಕೇಳಿದರೆ ಗಾಬರಿ ಬೇಡ, ಸರ್ಕಾರಕ್ಕೆ ಹೆಸರು ಬರೆಸಬೇಕು. ಸಾರಿನ ಪುಡಿ ಒಯ್ಯಿರಿ. ತುಪ್ಪ ಮಾತ್ರ ಬೇಡ. ಇಲ್ಲಿಂದ ಹಾಲಿನ ಪದಾರ್ಥವನ್ನು ಯೂರೋಪಿನ ಒಕ್ಕೂಟದೊಳಕ್ಕೆ ಬಿಡುವುದಿಲ್ಲ. ಬಟ್ಟೆಗೆ ಕ್ಲಿಪ್ಪು ಹಾಕಲು ಮರೆಯಬೇಡಿ!

ತರಕಾರಿಗೆ ಬೆಳಿಗ್ಗೆಯೇ ಗುಂಡುಲಿಚ್ ಚೌಕದ ಸಂತೆಗೆ ಹೋಗಬೇಕು. ಅಲ್ಲಿ ಬ್ಲಿತ್ವಾ ಎಂಬ ಅಗಲ ಎಲೆಯ ಸೊಪ್ಪು ಸಿಗುತ್ತದೆ. ಅಜ್ಜಿ ಹೇಳಿಕೊಟ್ಟ ಪಲ್ಯ ಇದು, ನಮ್ಮಲ್ಲಿ ಪಾಲಕ್‌ನಿಂದ ಮಾಡಬಹುದು. ಎರಡು ಆಲೂಗೆಡ್ಡೆಯನ್ನು ಹೋಳು ಮಾಡಿ ಉಪ್ಪುನೀರಲ್ಲಿ ಬೇಯಿಸಿ. ಮುಕ್ಕಾಲು ಬೆಂದಾಗ ಎರಡು ಕಟ್ಟು ಸೊಪ್ಪು ಹೆಚ್ಚಿ ಹಾಕಿ, ಬಾಡಿದ ಕೂಡಲೇ ನೀರು ಬಸಿಯಿರಿ. ಎರಡು ಚಮಚ ಆಲಿವ್ ಎಣ್ಣೆಯಲ್ಲಿ ನಾಲ್ಕೆಸಳು ಬೆಳ್ಳುಳ್ಳಿ ಬಾಡಿಸಿ, ಎಲ್ಲ ಬೆರೆಸಿ ಸೌಟಿನಿಂದ ಸ್ವಲ್ಪ ಮಸೆಯಿರಿ. ಸಾಸಿವೆ ಒಗ್ಗರಣೆ ಹಾಕಬಹುದೇ ಅಂತ ಕೇಳುತ್ತೀರಿ, ಗೊತ್ತು. ಅಜ್ಜಿಗೆ ಹೇಳದೆ ಹಾಕಿ ನೋಡಿದೆ, ಚೆನ್ನಾಗಿಯೇ ಇತ್ತು.