ತಿಂಗಳುಗಟ್ಟಲೆ ನಿಂತ ಡೀಸೆಲ್ ವ್ಯಾನ್ ಚಳಿಗೆ ಸ್ಟಾರ್ಟ್ ಆಗ್ತಿಲ್ಲವೇ? ಪಂಪ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

ಮಳೆಗಾಲದಲ್ಲಿ ಮಾಲು ಕಡಿಮೆ ಅಂತ ನಮ್ಮಲ್ಲಿ ಬಹಳ ಜನ ಹಳೆಯ ಡೀಸೆಲ್ ವ್ಯಾನನ್ನು ಜೂನ್‌ನಲ್ಲಿ ಶೆಡ್ಡಿಗೆ ಸೇರಿಸಿಬಿಡುತ್ತಾರೆ. ಮತ್ತೆ ಅದರ ನೆನಪಾಗೋದು ನವೆಂಬರ್, ಡಿಸೆಂಬರ್‌ನಲ್ಲಿ, ಬೀನ್ಸ್, ಸೊಪ್ಪು ಕೊಯ್ಲಿಗೆ ಬಂದಾಗ. ಹಾಸನ, ಚಿಕ್ಕಮಗಳೂರು ಕಡೆ ಬೆಳಗಿನ ಜಾವ 4 ಗಂಟೆಗೆ ಚಳಿ 14-15 ಡಿಗ್ರಿಗೆ ಇಳಿದಿರುತ್ತದೆ. ಹಿಂದೆ ಕ್ರೇಟುಗಳಲ್ಲಿ ಕೊತ್ತಂಬರಿ, ಪಾಲಕ್ ತುಂಬಿದೆ. ಸೆಲ್ಫ್ ಹೊಡೀತದೆ, ಎಂಜಿನ್ ಹಿಡಿಯಲ್ಲ. ಬಾಡಿಗೆ ಗಾಡಿ ಹುಡುಕಿ ಹೊರಡುವಷ್ಟರಲ್ಲಿ ಒಳ್ಳೆ ರೇಟಿನ ಹೊತ್ತು ಮುಗಿದಿರುತ್ತದೆ.

ನಾನು ಓದಿದ್ದು ತೋಟಗಾರಿಕೆ, ಗ್ಯಾರೇಜ್ ಕೆಲಸ ಅಲ್ಲ. ಆದರೆ ಎಲೆ ಹಳದಿಯಾದ ಗಿಡವನ್ನು ಹೇಗೆ ನೋಡುತ್ತೇವೋ, ಸ್ಟಾರ್ಟ್ ಆಗದ ಎಂಜಿನ್ನನ್ನೂ ಹಾಗೇ ನೋಡಬೇಕು. ಕಾರಣ ಗೊತ್ತಾಗುವ ಮೊದಲೇ ಔಷಧಿ ಹೊಡೆದರೆ ದುಡ್ಡೂ ಹೋಗುತ್ತದೆ, ಗಿಡವೂ ಹೋಗುತ್ತದೆ. ಇಲ್ಲಿ ಹೇಳಿರೋದು ಹಳೆಯ ಮೆಕ್ಯಾನಿಕಲ್ ಪಂಪಿನ ಡೀಸೆಲ್ ಗಾಡಿಗಳಿಗೆ ಮಾತ್ರ. ನಿಮ್ಮದು ಕಾಮನ್ ರೈಲ್ ಎಂಜಿನ್ ಆಗಿದ್ದರೆ ಬ್ಯಾಟರಿ ಭಾಗ ಓದಿಕೊಳ್ಳಿ. ಡೀಸೆಲ್ ಪೈಪಿನ ನಟ್ ಮಾತ್ರ ಮುಟ್ಟಬೇಡಿ, ಅದರಲ್ಲಿ ಒತ್ತಡ ತುಂಬಾ ಹೆಚ್ಚು.

ಚಳಿಗೆ ಯಾಕೆ ಹಿಡಿಯಲ್ಲ?

ಪೆಟ್ರೋಲ್ ಎಂಜಿನ್ನಿನಂತೆ ಡೀಸೆಲ್‌ನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತಿದಾಗ ಆ ಗಾಳಿ 500 ಡಿಗ್ರಿ ದಾಟಿ ಕಾಯುತ್ತದೆ. ಆಗ ನಾಝಲ್ ಡೀಸೆಲ್ ಚಿಮ್ಮಿಸುತ್ತದೆ, ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ತಣ್ಣಗಿರುವ ಕಬ್ಬಿಣ ಆ ಶಾಖವನ್ನು ಹೀರಿಕೊಳ್ಳುತ್ತದೆ. ಸೆಲ್ಫ್ ನಿಧಾನ ತಿರುಗಿದರೆ ಒತ್ತಿದ ಗಾಳಿ ರಿಂಗಿನ ಸಂದಿಯಲ್ಲಿ ಸೋರಿಹೋಗುತ್ತದೆ, ಶಾಖ ಹೀರಿಹೋಗಲು ಸಮಯವೂ ಹೆಚ್ಚು ಸಿಗುತ್ತದೆ. ಅದಕ್ಕೇ ಹಳೆಯ ವ್ಯಾನುಗಳಲ್ಲಿ ಹೀಟರ್ ಪ್ಲಗ್ ಇರೋದು.

ಹಾಗಾಗಿ ಬೇಕಾಗಿರೋದು ನಾಲ್ಕೇ: ಜೋರಾಗಿ ತಿರುಗುವ ಸೆಲ್ಫ್, ಗಾಳಿ-ನೀರು ಸೇರದ ಡೀಸೆಲ್, ಕೆಲಸ ಮಾಡುವ ಹೀಟರ್, ಸರಿಯಾದ ಕಂಪ್ರೆಷನ್. ಇದೇ ಕ್ರಮದಲ್ಲಿ ಹುಡುಕಿ. ಮೊದಲ ಮೂರು ಅಗ್ಗದ ರಿಪೇರಿ, ಕೊನೆಯದು ದುಬಾರಿ.

ಕೀ ತಿರುಗಿಸುವ ಮುಂಚೆ

ಬಾನೆಟ್ ಎತ್ತಿ ಟಾರ್ಚ್ ಹಿಡಿದು ನೋಡಿ. ಏರ್ ಫಿಲ್ಟರ್ ಡಬ್ಬಿ ತೆಗೆಯಿರಿ, ಇಲಿ ಗೂಡು ಕಟ್ಟಲು ಅದಕ್ಕಿಂತ ಬೆಚ್ಚನೆ ಜಾಗ ಸಿಗಲ್ಲ. ವೈರ್ ಕಡಿದಿದೆಯಾ, ಬೆಲ್ಟ್ ಬಿರುಕು ಬಿಟ್ಟಿದೆಯಾ ನೋಡಿ. ಆಯಿಲ್ ಕಡ್ಡಿ ಎಳೆದು ಮಟ್ಟ ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ ಕರೆಸಿ. ರೇಡಿಯೇಟರ್ ನೀರಿನ ಮಟ್ಟವನ್ನೂ ನೋಡಿಕೊಳ್ಳಿ.

ಇನ್ನೊಂದು ಸಣ್ಣ ವಿಷಯ: ಹಳೆಯ ಪಂಪುಗಳಲ್ಲಿ ಎಂಜಿನ್ ಆಫ್ ಮಾಡಲು ಎಳೆಯುವ ಸ್ಟಾಪ್ ಕೇಬಲ್ ಇರುತ್ತದೆ. ತಿಂಗಳುಗಟ್ಟಲೆ ನಿಂತರೆ ಅದು ತುಕ್ಕು ಹಿಡಿದು ಎಳೆದ ಸ್ಥಿತಿಯಲ್ಲೇ ಸಿಕ್ಕಿಕೊಳ್ಳಬಹುದು. ಆಗ ಪಂಪ್ ಎಷ್ಟು ತಿರುಗಿದರೂ ಡೀಸೆಲ್ ಬಿಡಲ್ಲ. ಪಂಪಿನ ಮೇಲಿನ ಲಿವರ್ ಪೂರ್ತಿ ಹಿಂದಕ್ಕೆ ಬಂದಿದೆಯಾ ಕೈಯಿಂದ ಮುಟ್ಟಿ ನೋಡಿ. ಕೇಬಲ್ ಬದಲು ಸೊಲೆನಾಯ್ಡ್ ಇದ್ದರೆ ಕೀ ಆನ್ ಮಾಡಿದ ಕೂಡಲೇ ಪಂಪಿನ ಹತ್ತಿರ ‘ಟಕ್’ ಅನ್ನೋ ಸದ್ದು ಬರಬೇಕು. ಬರದಿದ್ದರೆ ಅಲ್ಲಿಗೆ 12 ವೋಲ್ಟ್ ಬರ್ತಿದೆಯಾ ನೋಡಿ.

ಬ್ಯಾಟರಿ: ಲೈಟ್ ಉರಿದರೆ ಸಾಲದು

ಹೆಡ್‌ಲೈಟ್ ಚೆನ್ನಾಗಿ ಉರೀತದೆ, ಹಾಗಾಗಿ ಬ್ಯಾಟರಿ ಸರಿ ಇದೆ ಅನ್ನೋದು ತಪ್ಪು ಲೆಕ್ಕ. ಡೀಸೆಲ್ ಎಂಜಿನ್ ತಿರುಗಿಸಲು ನೂರಾರು ಆಂಪಿಯರ್ ಬೇಕು. ಒಂದು ಸಾಧಾರಣ ಮಲ್ಟಿಮೀಟರ್ ಕೊಂಡುಕೊಳ್ಳಿ, ಪಂಪ್‌ಸೆಟ್ ಸ್ಟಾರ್ಟರಿಗೂ ಆಗುತ್ತದೆ. ಬ್ಯಾಟರಿ ಕೆಲವು ಗಂಟೆ ಸುಮ್ಮನಿದ್ದ ಮೇಲೆ ಅಳೆಯಿರಿ. 12.6 ವೋಲ್ಟ್ ಅಂದರೆ ಪೂರ್ತಿ ಚಾರ್ಜ್, 12.2 ಅಂದರೆ ಸುಮಾರು ಅರ್ಧ, 12ಕ್ಕಿಂತ ಕಡಿಮೆ ಅಂದರೆ ಖಾಲಿ. ಸೆಲ್ಫ್ ಹೊಡೆಯುವಾಗ ಒಬ್ಬರು ಮೀಟರ್ ನೋಡಲಿ. 9.6ಕ್ಕಿಂತ ಕೆಳಗೆ ಬಿದ್ದರೆ ಮೊದಲು ಬ್ಯಾಟರಿ ಮೇಲೇ ಅನುಮಾನ.

ಖಾಲಿಯಾಗಿದ್ದರೆ ನಿಧಾನವಾಗಿ ಚಾರ್ಜ್ ಮಾಡಿಸಿ. 80 ಆಂಪಿಯರ್-ಅವರ್ ಬ್ಯಾಟರಿಗೆ 8 ಆಂಪಿಯರ್ ಸಾಕು. ನೀರು ಕಡಿಮೆಯಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಬೋರ್‌ವೆಲ್ ನೀರು ಬೇಡ. ಟರ್ಮಿನಲ್ ಮೇಲೆ ಕೂತ ಬಿಳಿ-ಹಸಿರು ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ಬಿಸಿನೀರಲ್ಲಿ ತೊಳೆದು, ಒರೆಸಿ, ಬಿಗಿಮಾಡಿ ವ್ಯಾಸಲೀನ್ ಹಚ್ಚಿ. ಆ ನೀರು ಬ್ಯಾಟರಿ ಒಳಗೆ ಹೋಗದಂತೆ ನೋಡಿಕೊಳ್ಳಿ. ಬ್ಯಾಟರಿಯಿಂದ ಚಾಸಿಗೆ, ಚಾಸಿಯಿಂದ ಎಂಜಿನ್ನಿಗೆ ಹೋಗುವ ಅರ್ಥ್ ಪಟ್ಟಿಗಳನ್ನೂ ಬಿಚ್ಚಿ ಉಜ್ಜಿ ಹಾಕಿ. ಬ್ಯಾಟರಿ ಸರಿಯಿದ್ದೂ ಸೆಲ್ಫ್ ಮಂದ ತಿರುಗಲು ಬಹಳ ಸಲ ಈ ತುಕ್ಕು ಹಿಡಿದ ಪಟ್ಟಿಯೇ ಕಾರಣ.

ಟ್ರ್ಯಾಕ್ಟರ್ ಬ್ಯಾಟರಿಯಿಂದ ಕರೆಂಟ್ ಕೊಡುವುದಾದರೆ ಎರಡೂ 12 ವೋಲ್ಟ್ ಇರಬೇಕು. ಮೊದಲು ಕೆಂಪು ಕೇಬಲ್ಲನ್ನು ಎರಡೂ ಪ್ಲಸ್‌ಗಳಿಗೆ ಹಾಕಿ. ಆಮೇಲೆ ಕಪ್ಪು ಕೇಬಲ್ಲನ್ನು ಟ್ರ್ಯಾಕ್ಟರ್ ಬ್ಯಾಟರಿಯ ಮೈನಸ್‌ಗೆ ಹಾಕಿ, ಅದರ ಇನ್ನೊಂದು ತುದಿಯನ್ನು ವ್ಯಾನ್ ಎಂಜಿನ್ನಿನ ಕಬ್ಬಿಣಕ್ಕೆ ಹಿಡಿಸಿ, ಬ್ಯಾಟರಿಯಿಂದ ದೂರ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತದೆ, ಅಲ್ಲಿ ಕಿಡಿ ಹಾರಬಾರದು.

ಸೆಲ್ಫನ್ನು ಒಂದು ಸಲಕ್ಕೆ 10-15 ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ. ಮಧ್ಯೆ ಒಂದೆರಡು ನಿಮಿಷ ಬಿಡಿ. ಇಲ್ಲದಿದ್ದರೆ ಬ್ಯಾಟರಿ ಜೊತೆ ಸೆಲ್ಫ್ ಮೋಟಾರೂ ಸುಡುತ್ತದೆ.

ಈಗ ಸೈಲೆನ್ಸರ್ ನೋಡಿ

ಸೆಲ್ಫ್ ಜೋರಾಗಿ ತಿರುಗುತ್ತಿದೆ, ಆದರೂ ಹಿಡಿಯುತ್ತಿಲ್ಲ. ಆಗ ಒಬ್ಬರು ಹಿಂದೆ ನಿಂತು ಫೋನಿನಲ್ಲಿ ಸೈಲೆನ್ಸರಿನ ವಿಡಿಯೋ ತೆಗೆಯಲಿ. ಹೊಗೆಯೇ ಇಲ್ಲ ಅಂದರೆ ಡೀಸೆಲ್ ಸಿಲಿಂಡರ್ ತಲುಪುತ್ತಿಲ್ಲ. ಬಿಳಿ ಹೊಗೆ, ಹಸಿ ಡೀಸೆಲ್ ವಾಸನೆ ಬಂದರೆ ಡೀಸೆಲ್ ಹೋಗ್ತಿದೆ, ಹೊತ್ತಿಕೊಳ್ತಿಲ್ಲ. ಕಪ್ಪು ಹೊಗೆಗೆ ಗಾಳಿಯ ಕೊರತೆ ಕಾರಣವಿರಬಹುದು, ಫಿಲ್ಟರ್ ನೋಡಿ. ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಈ ಒಂದು ವಿಡಿಯೋ ಇದ್ದರೆ ಮುಂದೆ ಯಾವ ಕಡೆ ಹುಡುಕಬೇಕು ಅಂತ ತಿಳಿಯುತ್ತದೆ. ಮೆಕ್ಯಾನಿಕ್‌ಗೆ ಕಳಿಸಿದರೆ ಅವರಿಗೂ ಅರ್ಧ ಕೆಲಸ ಮುಗಿದಂತೆ.

ಹೊಗೆ ಇಲ್ಲದಿದ್ದರೆ: ನೀರು ಮತ್ತು ಏರ್

ಅರ್ಧ ಖಾಲಿ ಟ್ಯಾಂಕಿನಲ್ಲಿ ಗಾಳಿಯ ತೇವ ತಣ್ಣಗಾಗಿ ನೀರಿನ ಹನಿಯಾಗುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳ ಸೇರುತ್ತದೆ. ಆ ನೀರು-ಡೀಸೆಲ್ ಕೂಡುವ ಜಾಗದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುತ್ತವೆ, ಅದು ಫಿಲ್ಟರ್ ಕಟ್ಟುತ್ತದೆ. ಫಿಲ್ಟರ್ ಕೆಳಗಿನ ಸ್ಕ್ರೂ ಸಡಿಲಿಸಿ ಗಾಜಿನ ಲೋಟಕ್ಕೆ ಸ್ವಲ್ಪ ಹಿಡಿದು ಐದು ನಿಮಿಷ ಬಿಡಿ. ಕೆಳಗೆ ಬೇರೆ ಪದರ ಕಂಡರೆ ನೀರು ಇದೆ. ಟ್ಯಾಂಕ್ ಖಾಲಿ ಮಾಡಿಸಿ, ಹೊಸ ಫಿಲ್ಟರ್ ಹಾಕಿ. ಆ ಡೀಸೆಲ್ಲನ್ನು ಹೊಲಕ್ಕೋ ಚರಂಡಿಗೋ ಸುರಿಯಬೇಡಿ.

ಆಮೇಲೆ ಏರ್ ತೆಗೆಯಬೇಕು. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ ಕೈ ಪಂಪ್ ಒತ್ತುತ್ತಾ ಹೋಗಿ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ, ಒತ್ತುತ್ತಲೇ ಸ್ಕ್ರೂ ಬಿಗಿಮಾಡಿ. ಇಷ್ಟಕ್ಕೆ ಹಿಡಿಯದಿದ್ದರೆ ನಾಝಲ್ ಕಡೆಯ ಪೈಪ್ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ ಸೆಲ್ಫ್ ಹೊಡೆಯಿರಿ, ಡೀಸೆಲ್ ಚಿಮ್ಮಿದಾಗ ನಿಲ್ಲಿಸಿ ಬಿಗಿಮಾಡಿ. ಕಣ್ಣಿಗೆ ಕನ್ನಡಕ ಇರಲಿ, ಕೈ ದೂರ ಇರಲಿ. ಆ ಒತ್ತಡದ ಡೀಸೆಲ್ ಚರ್ಮದೊಳಗೇ ತೂರಿಕೊಳ್ಳುತ್ತದೆ. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಏರ್ ತೆಗೆದರೆ ಸ್ಟಾರ್ಟ್ ಆಗುತ್ತೆ, ಮರುದಿನ ಬೆಳಿಗ್ಗೆ ಮತ್ತೆ ಅದೇ ಗೋಳು ಅಂದರೆ ಎಲ್ಲೋ ಏರ್ ಎಳೀತಿದೆ. ನಮ್ಮ ತೋಟದ ವ್ಯಾನ್ ಐದು ತಿಂಗಳು ನಿಂತಿದ್ದಾಗ ಇದೇ ಆಯಿತು. ಗ್ಯಾರೇಜಿನಲ್ಲಿ ಬಾನೆಟ್ ಎತ್ತುವ ಮೊದಲೇ ‘ಪಂಪ್ ಕೆಲಸ’ ಅಂದರು. ಕೊನೆಗೆ ಸಿಕ್ಕಿದ್ದು ಟ್ಯಾಂಕಿನಿಂದ ಫಿಲ್ಟರಿಗೆ ಬರುವ ರಬ್ಬರ್ ಪೈಪಿನಲ್ಲಿ, ಕ್ಲಿಪ್ ಕೆಳಗೆ ಒಂದು ಬಿರುಕು. ಈ ಪೈಪಿನಲ್ಲಿ ಪಂಪ್ ಡೀಸೆಲ್ಲನ್ನು ಹೀರುವುದರಿಂದ ಬಿರುಕಿದ್ದರೂ ಹೊರಗೆ ಹನಿ ಕಾಣದೇ ಇರಬಹುದು, ಒಳಗೆ ಗಾಳಿ ಮಾತ್ರ ಸೇರುತ್ತದೆ. ಪಂಪಿಗೆ ಹೋಗುವ ಮುಂಚೆ ಒಂದು ತುಂಡು ಪಾರದರ್ಶಕ ಡೀಸೆಲ್ ಪೈಪ್ ಜೋಡಿಸಿ ನೋಡಿ, ಗುಳ್ಳೆ ಕಂಡರೆ ಕಳ್ಳ ಸಿಕ್ಕಿದ ಹಾಗೆ.

ಬಿಳಿ ಹೊಗೆ ಬಂದರೆ: ಹೀಟರ್ ಪ್ಲಗ್

ಮೊದಲು ಹೀಟರಿಗೆ ಕರೆಂಟ್ ಬರ್ತಿದೆಯಾ ನೋಡಿ. ಕೀ ಹೀಟರ್ ಸ್ಥಾನದಲ್ಲಿದ್ದಾಗ ಪ್ಲಗ್‌ಗಳನ್ನು ಜೋಡಿಸುವ ಪಟ್ಟಿಯಲ್ಲಿ 11 ವೋಲ್ಟ್ ಆಸುಪಾಸು ತೋರಿಸಬೇಕು. ಇಲ್ಲದಿದ್ದರೆ ರಿಲೇ, ಫ್ಯೂಸ್ ಅಥವಾ ಇಲಿ ಕಡಿದ ವೈರ್. ಕರೆಂಟ್ ಇದ್ದರೆ ಕೀ ಆಫ್ ಮಾಡಿ, ಪಟ್ಟಿ ಬಿಚ್ಚಿ, ಮಲ್ಟಿಮೀಟರನ್ನು 200 ಓಮ್‌ಗೆ ಇಟ್ಟು ಒಂದು ಕಡ್ಡಿ ಪ್ಲಗ್ ತುದಿಗೆ, ಇನ್ನೊಂದು ಎಂಜಿನ್ ಮೈಗೆ ಹಿಡಿಯಿರಿ. ಸಾಮಾನ್ಯವಾಗಿ 1 ಓಮ್ ಆಸುಪಾಸು ಬಂದರೆ ಪ್ಲಗ್ ಜೀವಂತ ಇದೆ. ಮೀಟರ್ ಏನೂ ತೋರಿಸದೆ ‘ಓಪನ್’ ಅಂದರೆ ಸತ್ತಿದೆ. ಬಿಚ್ಚುವ ಮೊದಲು ವೈರುಗಳ ಫೋಟೋ ತೆಗೆದಿಟ್ಟುಕೊಳ್ಳಿ.

ಹಳೆಯ ಪ್ಲಗ್ ಬಲವಂತವಾಗಿ ತಿರುಗಿಸಿದರೆ ಮುರಿದು ಒಳಗೇ ಉಳಿಯುತ್ತದೆ, ಆಗ ಹೆಡ್ ಬಿಚ್ಚಬೇಕಾದೀತು. ಹಿಂದಿನ ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಹಾಕಿ ನೆನೆಸಿ. ಹೊಸದು ಅದೇ ವೋಲ್ಟಿನದಾಗಿರಲಿ. ಎಲ್ಲ ಸರಿಯಾದ ಮೇಲೆ ಚಳಿಯ ಬೆಳಿಗ್ಗೆ 10-15 ಸೆಕೆಂಡ್ ಹೀಟ್ ಮಾಡಿ ಸೆಲ್ಫ್ ಹೊಡೆಯಿರಿ.

ಹೀಟರ್ ಸರಿ, ಡೀಸೆಲ್ ಸರಿ, ಸೆಲ್ಫ್ ಜೋರು, ಆದರೂ ಬಿಳಿ ಹೊಗೆ ಮಾತ್ರ ಬರುತ್ತಿದ್ದರೆ ಕಂಪ್ರೆಷನ್, ನಾಝಲ್ ಮತ್ತು ಟೈಮಿಂಗ್ ಪರೀಕ್ಷೆ ಮಾಡಿಸಿ. ಇಲ್ಲಿಂದ ಮುಂದೆ ಗ್ಯಾರೇಜಿನ ಕೆಲಸ. ‘ಕಂಪ್ರೆಷನ್ ಗೇಜ್ ಹಾಕಿ ಪ್ರತಿ ಸಿಲಿಂಡರಿನ ರೀಡಿಂಗ್ ಹೇಳಿ’ ಅಂತ ಕೇಳಿ. ರೀಡಿಂಗ್ ನೋಡದೆ ಎಂಜಿನ್ ಬಿಚ್ಚಲು ಒಪ್ಪಬೇಡಿ.

ಈ ಎರಡು ಕೆಲಸ ಬೇಡವೇ ಬೇಡ

ಏರ್ ಫಿಲ್ಟರಿಗೆ ಈಥರ್ ಸ್ಪ್ರೇ ಹೊಡೆಯೋದು, ಪೆಟ್ರೋಲ್ ಬಟ್ಟೆ ಹಿಡಿಯೋದು ರೂಢಿಯಲ್ಲಿದೆ. ಕೆಂಪಗೆ ಕಾದ ಹೀಟರ್ ಪ್ಲಗ್ ಇರುವ ಎಂಜಿನ್ನಿಗೆ ಇದು ಅಪಾಯ. ಹೊತ್ತಬಾರದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ ಒಡೆಯಬಹುದು, ಎದುರು ನಿಂತವರ ಮುಖ ಸುಡಬಹುದು. ಟ್ಯಾಂಕ್ ಅಥವಾ ಎಂಜಿನ್ ಕೆಳಗೆ ಬೆಂಕಿ ಹಾಕಿ ಬೆಚ್ಚಗೆ ಮಾಡೋದೂ ಬೇಡ. ಹುಲ್ಲಿನ ಬಣವೆ ಪಕ್ಕದ ಶೆಡ್ಡಿನಲ್ಲಿ ಒಂದು ಕಿಡಿ ಸಾಕು.

ಸ್ಟಾರ್ಟ್ ಆದ ಮೇಲೆ, ಮತ್ತೆ ನಿಲ್ಲಿಸುವ ಮುಂಚೆ

ಹಿಡಿದ ಖುಷಿಗೆ ಆಕ್ಸಿಲರೇಟರ್ ಒತ್ತಬೇಡಿ. ಆಯಿಲ್ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು, ಆರದಿದ್ದರೆ ಆಫ್ ಮಾಡಿ. ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ತೋರಿಸಿದರೆ ಡೈನಮೋ ಚಾರ್ಜ್ ಮಾಡ್ತಿದೆ ಅಂತ ಅರ್ಥ. ಲೋಡ್ ಹಾಕುವ ಮೊದಲು ಖಾಲಿ ಗಾಡಿಯಲ್ಲಿ ಬ್ರೇಕ್ ಪರೀಕ್ಷೆ ಮಾಡಿ. ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ದಿನಾಂಕ ನೋಡಿಕೊಳ್ಳಿ. ಹಳದಿ ಬೋರ್ಡ್ ಗಾಡಿಯಾದರೆ ಎಫ್‌ಸಿ ಕೂಡ.

ಮುಂದಿನ ಜೂನ್‌ಗೆ ಇಷ್ಟು ನೆನಪಿಡಿ:

1. ನಿಲ್ಲಿಸುವ ಮುಂಚೆ ಟ್ಯಾಂಕ್ ತುಂಬಿಸಿ. ಖಾಲಿ ಜಾಗ ಕಡಿಮೆಯಾದಷ್ಟೂ ನೀರು ಕಡಿಮೆ.
2. ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿಡಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ.
3. ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಟೈರಿಗೆ ಕಲ್ಲು ಕೊಡಿ.
4. ಸಾಧ್ಯವಾದರೆ 15 ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸಿ, ಎಂಜಿನ್ ಪೂರ್ತಿ ಬಿಸಿಯಾಗಲಿ. ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಬ್ಯಾಟರಿಗೆ ನಷ್ಟವೇ ಹೆಚ್ಚು.
5. ಕೊಯ್ಲಿನ ದಿನಕ್ಕೆ ಕಾಯಬೇಡಿ. ಒಂದು ವಾರ ಮುಂಚೆ, ಬೆಳಗಿನ ಚಳಿಯಲ್ಲೇ ಸ್ಟಾರ್ಟ್ ಮಾಡಿ ನೋಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಹಿಡಿದ ಎಂಜಿನ್ ಜಾವದಲ್ಲಿ ಕೈಕೊಡಬಹುದು.